‘ಏಳಬ್ಯಾಡ್ರಿ’ ಎನ್ನುವ ಮಮತೆ

ಆಸ್ಪತ್ರೆಯಿಂದ ಮನೆಗೆ ಮರಳುವ ದಿನಕ್ಕೆ ನಮ್ಮ ಕುಟುಂಬಗಳಲ್ಲಿ ಸಣ್ಣದೊಂದು ಹಬ್ಬದ ಕಳೆ ಇರುತ್ತದೆ. ಹುಬ್ಬಳ್ಳಿಯ ವಿದ್ಯಾನಗರದಲ್ಲಿ 1957ರಲ್ಲಿ ಆರಂಭವಾದ ವೈದ್ಯಕೀಯ ಕಾಲೇಜಿನ ದೊಡ್ಡಾಸ್ಪತ್ರೆ, ಫಲಕದ ಮೇಲಿನ ಹೆಸರು ಬದಲಾದರೂ ಜನರ ಬಾಯಲ್ಲಿ ಇಂದಿಗೂ ಕಿಮ್ಸ್. ಅದರ ಗೇಟಿನ ಹೊರಗೆ ಯಾವ ಮಧ್ಯಾಹ್ನ ನಿಂತರೂ ಆ ಕಳೆಯನ್ನು ಕಾಣಬಹುದು. ಗದಗ, ಹಾವೇರಿ, ಕೊಪ್ಪಳ ಕಡೆಯಿಂದ ಬಂದವರು ಚಾಪೆ ಸುತ್ತಿಕೊಂಡು, ಬುತ್ತಿಯ ಡಬ್ಬಿ, ಎಕ್ಸ್‌ರೇ ಕವರು, ಗುಳಿಗೆಯ ಚೀಲಗಳನ್ನು ಹಿಡಿದುಕೊಂಡು, ಬಿಳಿಚಿಕೊಂಡ ಒಬ್ಬ ಅಜ್ಜನನ್ನೋ ಅಜ್ಜಿಯನ್ನೋ ತೋಳು ಹಿಡಿದು ನಡೆಸುತ್ತ ಆಟೋ ಕರೆಯುತ್ತಿರುತ್ತಾರೆ. ಕೈಯಲ್ಲಿರುವ ಡಿಸ್ಚಾರ್ಜ್ ಚೀಟಿಯಲ್ಲಿ ಯಾವ ಗುಳಿಗೆ ಊಟಕ್ಕೆ ಮುಂಚೆ, ಯಾವುದು ಊಟವಾದ ಮೇಲೆ, ಮತ್ತೆ ಯಾವಾಗ ಬಂದು ತೋರಿಸಬೇಕು ಎಂಬುದೆಲ್ಲ ಬರೆದಿರುತ್ತದೆ. ಮನೆ ಮುಟ್ಟಿದ ಮೇಲೆ ಬೆಳಗ್ಗೆ ಎಷ್ಟು ಹೊತ್ತಿಗೆ ಏಳಬೇಕು, ಯಾರೊಡನೆ ಮಾತಾಡಬೇಕು, ಯಾವ ಕೆಲಸಕ್ಕೆ ಕೈ ಹಾಕಬೇಕು, ಯಾತಕ್ಕಾಗಿ ಮತ್ತೆ ಗಟ್ಟಿಯಾಗಬೇಕು ಎಂಬುದನ್ನು ಮಾತ್ರ ಯಾರೂ ಬರೆದುಕೊಟ್ಟಿರುವುದಿಲ್ಲ. ವೈದ್ಯರು ಬರೆಯಬೇಕಾದ ಸಂಗತಿಗಳೂ ಅವಲ್ಲವೇನೋ. ಆದರೂ ಎಪ್ಪತ್ತು ದಾಟಿದ ಜೀವವೊಂದು ಮುಂದಿನ ಎರಡು ಮೂರು ತಿಂಗಳಲ್ಲಿ ಚೇತರಿಸಿಕೊಳ್ಳುವುದೋ ಕುಸಿಯುವುದೋ ಎಂಬುದು ಬಹುಮಟ್ಟಿಗೆ ಈ ಬರೆಯದ ಸಂಗತಿಗಳನ್ನೇ ಅವಲಂಬಿಸಿರುತ್ತದೆ.

ರೋಗ ಗುಣವಾದ ಮೇಲೂ ಮುಪ್ಪಿನ ದೇಹ ಯಾಕೆ ಸೋತು ಬರುತ್ತದೆ? ನ್ಯುಮೋನಿಯಾ ಇಳಿದಿರುತ್ತದೆ, ಹೊಲಿಗೆ ಮಾಗಿರುತ್ತದೆ, ರಕ್ತದ ವರದಿ ಸರಿಯಾಗಿರುತ್ತದೆ; ಹೋಗುವಾಗ ತಾನೇ ಮೆಟ್ಟಿಲಿಳಿದು ಹೋದ ತಂದೆ ಬರುವಾಗ ಮಾತ್ರ ಇಬ್ಬರ ಹೆಗಲು ಕೇಳುತ್ತಾನೆ. ಆಸ್ಪತ್ರೆಯಲ್ಲಿ ರಾತ್ರಿ ದೀಪ ಆರುವುದಿಲ್ಲ, ನಿದ್ದೆ ತುಂಡು ತುಂಡಾಗುತ್ತದೆ, ಪರೀಕ್ಷೆಗಳಿಗಾಗಿ ಉಪವಾಸವಿರಬೇಕಾಗುತ್ತದೆ, ರುಚಿಯಿಲ್ಲದ ಊಟ ಅರ್ಧಕ್ಕೇ ಉಳಿಯುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ದಿನದ ಇಪ್ಪತ್ತು ತಾಸು ಹಾಸಿಗೆಯ ಮೇಲೆಯೇ ಕಳೆಯುತ್ತದೆ. ಹಾಸಿಗೆಯ ಈ ಅಪಾಯದ ಬಗ್ಗೆ ಬ್ರಿಟನ್ನಿನ ವೈದ್ಯ ರಿಚರ್ಡ್ ಆಶರ್ 1947ರಷ್ಟು ಹಿಂದೆಯೇ ತನ್ನ ಸಮಕಾಲೀನರನ್ನು ಎಚ್ಚರಿಸಿ ಬರೆದಿದ್ದ. 2007ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ ಯಾವ ರೋಗವೂ ಇಲ್ಲದ ಹಿರಿಯರನ್ನು ಕೇವಲ 10 ದಿನ ಹಾಸಿಗೆಯಲ್ಲಿರಿಸಿ ನೋಡಿದಾಗ, ಅವರ ಕಾಲುಗಳಿಂದಲೇ ಸುಮಾರು ಒಂದು ಕಿಲೋದಷ್ಟು ಮಾಂಸಖಂಡ ಕರಗಿತ್ತು. ಆರೋಗ್ಯವಂತರ ಗತಿಯೇ ಹೀಗಾದರೆ ಜ್ವರದಲ್ಲಿ ಬೆಂದವರ, ಶಸ್ತ್ರಚಿಕಿತ್ಸೆಯಲ್ಲಿ ನೊಂದವರ ಗತಿಯೇನು? ಎಪ್ಪತ್ತು ದಾಟಿ ಆಸ್ಪತ್ರೆ ಸೇರಿದವರಲ್ಲಿ ಸುಮಾರು ಮೂರರಲ್ಲೊಬ್ಬರು ಸ್ನಾನ, ಉಡುಪು, ಶೌಚ, ಹಾಸಿಗೆಯಿಂದ ಏಳುವುದು ಇಂಥ ಯಾವುದಾದರೊಂದು ಕೆಲಸದಲ್ಲಿ ಮೊದಲಿಗಿಂತ ಪರಾಧೀನರಾಗಿ ಮನೆಗೆ ಮರಳುತ್ತಾರೆಂದು ಅಲ್ಲಿನ ಅಧ್ಯಯನಗಳು ಹೇಳುತ್ತವೆ. ಯೇಲ್ ವಿಶ್ವವಿದ್ಯಾಲಯದ ವೈದ್ಯ ಹಾರ್ಲನ್ ಕ್ರುಮ್‌ಹೋಲ್ಜ್ 2013ರಲ್ಲಿ ಈ ಸ್ಥಿತಿಯನ್ನೇ ಒಂದು ಪ್ರತ್ಯೇಕ ಕಾಯಿಲೆಯಂತೆ ಕಾಣಬೇಕೆಂದು ವಾದಿಸಿದರು. ಮನೆಗೆ ಹೋದ ತಿಂಗಳೊಳಗೆ ಮರಳಿ ಆಸ್ಪತ್ರೆ ಸೇರುವ ಹಿರಿಯರಲ್ಲಿ ಬಹಳ ಮಂದಿ ಮೊದಲಿನ ರೋಗಕ್ಕಾಗಿ ಬರುವುದಿಲ್ಲ, ಬೇರೆಯದೇ ತೊಂದರೆ ಹೊತ್ತು ಬರುತ್ತಾರೆ ಎಂಬುದು ಅವರ ಮಾತಿಗೆ ಆಧಾರವಾಗಿತ್ತು.

ಇಷ್ಟು ಓದಿ ಎದೆಗುಂದಬೇಕಾಗಿಲ್ಲ. ಅದೇ ಯೇಲ್‌ನ ಸಂಶೋಧಕರು ಎಪ್ಪತ್ತು ದಾಟಿದ ಏಳುನೂರಕ್ಕೂ ಹೆಚ್ಚು ಜನರನ್ನು 1998ರಿಂದ ತಿಂಗಳು ತಿಂಗಳೂ ವಿಚಾರಿಸುತ್ತ ಹೋದರು. ಅವರಲ್ಲಿ ಹೊಸದಾಗಿ ಪರಾಧೀನರಾದವರ ಪೈಕಿ ನೂರಕ್ಕೆ 81 ಮಂದಿ ಒಂದು ವರ್ಷದೊಳಗೆ ಮತ್ತೆ ತಮ್ಮ ಕೆಲಸ ತಾವು ಮಾಡಿಕೊಳ್ಳುವಂತಾಗಿದ್ದರೆಂದು 2004ರಲ್ಲಿ ವರದಿಯಾಯಿತು. ಅಂದರೆ ಮುದಿ ದೇಹವು ನಾವು ತಿಳಿದಿರುವುದಕ್ಕಿಂತ ಹಟಮಾರಿ. ಬಿದ್ದಲ್ಲೇ ಉಳಿಯುವುದು ಅದರ ಸ್ವಭಾವವಲ್ಲ. ಹಾಗಾದರೆ ಯಾರು ಬೇಗ ಏಳುತ್ತಾರೆ, ಯಾರಿಗೆ ಏಳಲಾಗುವುದಿಲ್ಲ? ಬೀಳುವ ಮೊದಲೇ ದಿನವೂ ನಡೆಯುತ್ತಿದ್ದವರು, ಕೈಕಾಲು ದುಡಿಸಿಕೊಂಡವರು ಬೇಗ ಏಳುತ್ತಾರೆ ಎಂಬುದು ಮೊದಲ ಉತ್ತರ. ಧಾರವಾಡದ ಪೂರ್ವಕ್ಕಿರುವ ನವಲಗುಂದದ ಎರೆಹೊಲಗಳಲ್ಲಿ ಹಿಂಗಾರಿ ಜೋಳ ಬೆಳೆಯುವುದು ಹಿಂದೆ ಸುರಿದ ಮಳೆಯ ತೇವವನ್ನು ಮಣ್ಣು ಹಿಡಿದಿಟ್ಟುಕೊಂಡಿರುವುದರಿಂದ. ಚೇತರಿಕೆಯೂ ಹಾಗೆಯೇ ಹಳೆಯ ತೇವದ ಮೇಲೆ ಬೆಳೆಯುವ ಬೆಳೆ. ನಸುಕಿನಲ್ಲಿ ಉಣಕಲ್ ಕೆರೆಯ ದಂಡೆಯಲ್ಲಿ, ಧಾರವಾಡದ ಕರ್ನಾಟಕ ಕಾಲೇಜಿನ ಮೈದಾನದಲ್ಲಿ, ನೃಪತುಂಗ ಬೆಟ್ಟದ ಏರಿನಲ್ಲಿ ಮಫ್ಲರ್ ಸುತ್ತಿಕೊಂಡು ನಡೆಯುವ ಹಿರಿಯರು ಆ ತೇವವನ್ನು ತಮಗರಿವಿಲ್ಲದೆಯೇ ಕೂಡಿಡುತ್ತಿರುತ್ತಾರೆ. ಅವರು ಕೂಡಿಡುವುದು ಕಾಲಿನ ಬಲವನ್ನಷ್ಟೇ ಅಲ್ಲ. ಮೂರು ದಿನ ಬರದಿದ್ದರೆ ‘ಯಾಕ ಬರ್ಲಿಲ್ಲ, ಆರಾಮ ಅದಾರೋ ಇಲ್ಲೋ’ ಎಂದು ಮನೆತನಕ ಬಂದು ಕೇಳುವ ನಾಲ್ಕು ಜನರನ್ನೂ ಆ ನಡಿಗೆ ಗಳಿಸಿಕೊಟ್ಟಿರುತ್ತದೆ.

ಎರಡನೆಯ ಉತ್ತರ ಮನೆಯೊಳಗಿದೆ, ಮತ್ತು ಅದು ನಮಗೆ ಅಷ್ಟು ಹಿತವಾಗಿಲ್ಲ. ಆಸ್ಪತ್ರೆಯಿಂದ ಬಂದ ತಾಯಿ ಮೂರನೆಯ ದಿನ ಮೆಲ್ಲಗೆ ಎದ್ದು ಅಡುಗೆಮನೆಯ ಕಡೆ ಹೆಜ್ಜೆ ಹಾಕಿದರೆ ಮನೆಯ ನಾಲ್ಕೂ ಮೂಲೆಗಳಿಂದ ಒಂದೇ ಮಾತು ಬರುತ್ತದೆ: ‘ಏಳಬ್ಯಾಡ್ರಿ ಅವ್ವಾರ, ಮಲಕ್ಕೋರಿ. ನಾವ್ ಅದೇವಲ್ಲ.’ ಪತ್ರಿಕೆ ತರಲು ಬಾಗಿಲಿಗೆ ಹೋದ ತಂದೆಯನ್ನು ಮೊಮ್ಮಗ ಓಡಿಬಂದು ತಡೆಯುತ್ತಾನೆ. ನೀರಿನ ತಂಬಿಗೆ ಕೈಗೇ ಬರುತ್ತದೆ, ತಟ್ಟೆ ಹಾಸಿಗೆಗೇ ಬರುತ್ತದೆ, ತುತ್ತು ಬಾಯಿಗೇ ಬರುತ್ತದೆ. ಇದು ಪ್ರೀತಿಯಲ್ಲವೇ? ನಿಶ್ಚಯವಾಗಿ ಪ್ರೀತಿಯೇ. ಆದರೆ ಆಸ್ಪತ್ರೆಯ ಹಾಸಿಗೆ ಕಿತ್ತುಕೊಂಡದ್ದನ್ನು ಮರಳಿ ಗಳಿಸಬೇಕಾದ ದಿನಗಳಲ್ಲಿಯೇ ಈ ಪ್ರೀತಿ ಅವರನ್ನು ಇನ್ನೊಂದು ಹಾಸಿಗೆಯಲ್ಲಿ ಮಲಗಿಸಿಬಿಡುತ್ತದೆ. ನಮ್ಮ ಸೇವೆಯಲ್ಲಿ ಮಮತೆಯ ಜೊತೆಗೆ ಬೇರೆ ಕೆಲವು ಸಂಗತಿಗಳೂ ಬೆರೆತಿರುತ್ತವೆ. ಮತ್ತೆಲ್ಲಾದರೂ ಬಿದ್ದರೆ ಹೇಗೆ ಎಂಬ ಭಯವಿರುತ್ತದೆ. ಅವರ ನಿಧಾನವನ್ನು ಸಹಿಸಿ ಕಾಯುವಷ್ಟು ವ್ಯವಧಾನ ನಮಗಿರುವುದಿಲ್ಲ. ಅವರು ಅರ್ಧ ತಾಸು ತೆಗೆದುಕೊಳ್ಳುವ ಕೆಲಸವನ್ನು ನಾವು ಎರಡು ನಿಮಿಷದಲ್ಲಿ ಮುಗಿಸಿ ಕಚೇರಿಗೆ ಓಡಬೇಕಾಗಿರುತ್ತದೆ. ಅವುಗಳ ಕೆಳಗೆ, ನೆರೆಯವರು ನೋಡಿದರೆ ಏನಂದಾರು ಎಂಬ ಅಳುಕೂ ಇರುತ್ತದೆ. ಆಸ್ಪತ್ರೆಯಿಂದ ಬಂದ ಅತ್ತೆ ಅಂಗಳದಲ್ಲಿ ಕಸ ಗುಡಿಸುತ್ತಿದ್ದರೆ ಮಾತು ಬರುವುದು ಸೊಸೆಯ ಮೇಲೆ ತಾನೇ? ಹೀಗೆ, ಮಲಗಿಸಿ ಮಾಡುವ ಸೇವೆ ಕಣ್ಣಿಗೆ ಕಾಣುತ್ತದೆ, ಹೊಗಳಿಕೆ ಗಳಿಸುತ್ತದೆ. ಎಬ್ಬಿಸಿ, ಪಕ್ಕದಲ್ಲಿ ನಿಂತು, ಅವರೇ ಮಾಡಿಕೊಳ್ಳಲಿ ಎಂದು ಕಾಯುವ ಸೇವೆ ನೋಡುವವರಿಗೆ ಉದಾಸೀನದಂತೆ ತೋರುತ್ತದೆ.

1976ರಲ್ಲಿ ಎಲೆನ್ ಲ್ಯಾಂಗರ್ ಮತ್ತು ಜುಡಿತ್ ರಾಡಿನ್ ಎಂಬ ಇಬ್ಬರು ಮನೋವಿಜ್ಞಾನಿಗಳು ಅಮೆರಿಕದ ಒಂದು ವೃದ್ಧಾಶ್ರಮದಲ್ಲಿ ಮಾಡಿದ ಪ್ರಯೋಗ ಹೆಸರಾಗಿದೆ. ಅಲ್ಲಿನ ಹಿರಿಯರಿಗೆ ಒಂದೊಂದು ಸಸ್ಯ ಕೊಟ್ಟರು. ಒಂದು ಗುಂಪಿನವರಿಗೆ, ನಿಮ್ಮ ಗಿಡವನ್ನು ನೀವೇ ನೋಡಿಕೊಳ್ಳಿ, ನಿಮ್ಮ ದಿನವನ್ನು ಹೇಗೆ ಕಳೆಯಬೇಕೆಂಬುದೂ ನಿಮಗೇ ಬಿಟ್ಟದ್ದು ಎಂದರು. ಇನ್ನೊಂದು ಗುಂಪಿಗೆ, ಗಿಡಕ್ಕೆ ದಾದಿಯರೇ ನೀರು ಹಾಕುತ್ತಾರೆ, ನಿಮ್ಮ ಸುಖದ ಹೊಣೆ ನಮ್ಮದು ಎಂದರು. ಕೆಲವೇ ವಾರಗಳಲ್ಲಿ ಮೊದಲ ಗುಂಪಿನವರು ಹೆಚ್ಚು ಚುರುಕಾಗಿ, ಹೆಚ್ಚು ಲವಲವಿಕೆಯಿಂದ ಇರುವುದು ಕಂಡುಬಂತು. ಇದನ್ನು ತಿಳಿಯಲು ನಾವು ಅಷ್ಟು ದೂರ ಹೋಗಬೇಕಾಗಿಯೇ ಇಲ್ಲ. ಹನ್ನೆರಡನೆಯ ಶತಮಾನದ ಶರಣರ ವಿಚಾರ ಈ ಸೀಮೆಯ ನಿತ್ಯದ ಮಾತಿನಲ್ಲಿಯೇ ಬೆರೆತಿದೆ, ಮತ್ತು ಅವರು ಕಾಯಕ ದಾಸೋಹಗಳನ್ನು ಎಂದೂ ಬೇರೆ ಬೇರೆಯಾಗಿ ಇಡಲಿಲ್ಲ. ಹಗ್ಗ ಹೊಸೆದು ಬದುಕಿದ ನುಲಿಯ ಚಂದಯ್ಯ, ಮೈಮೇಲಿನ ಲಿಂಗ ಕಳಚಿ ನೀರಿಗೆ ಬಿದ್ದರೂ ಕಾಯಕ ನಿಲ್ಲಿಸದೆ ಹೊರಟನೆಂದೂ ಲಿಂಗವೇ ಅವನ ಬೆನ್ನು ಹತ್ತಿ ಬಂತೆಂದೂ ಕಥೆಯಿದೆ. ದುಡಿಮೆಯನ್ನು ದೇವರಿಗಿಂತ ಮುಂದಿಟ್ಟ ಆ ದಿಟ್ಟತನದ ಹಿಂದೆ ಮನುಷ್ಯನ ಮಾನದ ಬಗ್ಗೆ ಒಂದು ಆಳವಾದ ತಿಳುವಳಿಕೆಯಿದೆ. ಕೊಡುವವನಾಗಿ ಉಳಿಯುವ ಹಕ್ಕನ್ನು ಮನುಷ್ಯನಿಂದ ಕಸಿದರೆ, ಅವನಿಗೆ ಎಷ್ಟು ಉಣಿಸಿದರೂ ಅದು ಅರ್ಧದ ಅನ್ನವೇ. ಕಾಯಿಲೆಯಿಂದ ಎದ್ದ ಹಿರಿಯರಿಗೆ ನಾವು ದಾಸೋಹವನ್ನು ಧಾರಾಳವಾಗಿ ನೀಡುತ್ತೇವೆ. ಕಾಯಕವನ್ನು ಸದ್ದಿಲ್ಲದೆ ಹಿಂತೆಗೆದುಕೊಳ್ಳುತ್ತೇವೆ.

ಕಾಯಕವೆಂದರೆ ಹೊಲ ಉಳುವುದೇ ಆಗಬೇಕೆಂದಿಲ್ಲ. ಕುಳಿತಲ್ಲಿಯೇ ಮೆಂತ್ಯೆಸೊಪ್ಪು ಸೋಸುವುದು, ಶೇಂಗಾ ಸುಲಿಯುವುದು, ಒಗೆದ ಬಟ್ಟೆ ಮಡಚುವುದು, ಹಾಲಿನ ಲೆಕ್ಕ ಬರೆದಿಡುವುದು, ಮೊಮ್ಮಗಳಿಂದ ಮಗ್ಗಿ ಒಪ್ಪಿಸಿಕೊಳ್ಳುವುದು, ದೇವರ ಜಗಲಿಗೆ ಹೂ ಏರಿಸುವುದು ಎಲ್ಲವೂ ಕಾಯಕವೇ. ಒಂದೇ ಷರತ್ತು: ಆ ಕೆಲಸ ಮನೆಗೆ ನಿಜವಾಗಿ ಬೇಕಾಗಿರಬೇಕು. ಹೊತ್ತು ಹೋಗಲಿ ಎಂದು ಕೊಟ್ಟ ಕೆಲಸವನ್ನು ಹಿರಿಯರು ಕ್ಷಣದಲ್ಲಿ ಗುರುತಿಸುತ್ತಾರೆ, ಮತ್ತು ಅದರಿಂದ ಅವರಿಗಾಗುವ ನೋವು ಕೆಲಸವಿಲ್ಲದಿರುವ ನೋವಿಗಿಂತ ಹೆಚ್ಚು. ತಾನು ಮಾಡದಿದ್ದರೆ ಇದು ನಿಂತುಹೋಗುತ್ತದೆ ಎಂಬ ಅರಿವೇ ಬೆಳಗ್ಗೆ ಕಾಲನ್ನು ಹಾಸಿಗೆಯಿಂದ ಕೆಳಗಿಳಿಸುವುದು.

ಗಂಗೂಬಾಯಿ ಹಾನಗಲ್ಲರ ಬದುಕನ್ನು ಈ ದೃಷ್ಟಿಯಿಂದ ನೋಡಬಹುದು. 1913ರಲ್ಲಿ ಧಾರವಾಡದಲ್ಲಿ ಹುಟ್ಟಿ, ಹುಬ್ಬಳ್ಳಿಯನ್ನು ಮನೆಮಾಡಿಕೊಂಡ ಆ ಗಾಯಕಿಯ ಮೊದಲಿನ ಕಂಠ ತೆಳುವಾದದ್ದು, ಹೆಣ್ಣುಕಂಠವೆಂದು ಲೋಕ ಒಪ್ಪುವಂಥದ್ದು. ಗಂಟಲಿನ ಕಾಯಿಲೆ ಮತ್ತು ಅದರ ಚಿಕಿತ್ಸೆಯ ನಂತರ ದನಿ ಒಡೆದು ಗಡಸಾಯಿತು. ಕಳೆದುಹೋದ ಕಂಠಕ್ಕಾಗಿ ಕೊರಗುತ್ತ ಕೂತಿದ್ದರೆ ಯಾರೂ ಅವರನ್ನು ದೂರುತ್ತಿರಲಿಲ್ಲ. ಅವರು ಉಳಿದ ಕಂಠವನ್ನೇ ಕೈಗೆತ್ತಿಕೊಂಡು, ಅದರ ಭಾರ ಮತ್ತು ಗಾಂಭೀರ್ಯದ ಮೇಲೆಯೇ ತಮ್ಮ ಗಾಯನವನ್ನು ಕಟ್ಟಿದರು, ಮತ್ತು ದೇಶ ಅವರನ್ನು ಗುರುತಿಸಿದ್ದು ಆ ಎರಡನೆಯ ದನಿಯಿಂದಲೇ. ತೊಂಬತ್ತರ ಹೊಸ್ತಿಲಲ್ಲಿ ಅವರಿಗೆ ಅಸ್ಥಿಮಜ್ಜೆಯ ಕ್ಯಾನ್ಸರ್ ಬಂತು; 2003ರಲ್ಲಿ ಅದರಿಂದ ಪಾರಾದರು. ಮರುವರ್ಷವೇ, ದಶಕಗಳ ಕಾಲ ವೇದಿಕೆಯ ಮೇಲೆ ಬೆನ್ನಹಿಂದೆ ಕೂತು ದನಿಗೂಡಿಸಿದ ಮಗಳು ಕೃಷ್ಣಾ ತೀರಿಕೊಂಡರು. ಇಷ್ಟಾದ ಮೇಲೂ 2006ರಲ್ಲಿ, 93ರ ವಯಸ್ಸಿನಲ್ಲಿ, ಅವರು ತಮ್ಮ ಕೊನೆಯ ಕಛೇರಿಯನ್ನು ಹಾಡಿದರು. 2009ರ ಜುಲೈ 21ರಂದು ಹುಬ್ಬಳ್ಳಿಯಲ್ಲಿ ತೀರಿಕೊಂಡಾಗ ಅವರ ಕಣ್ಣುಗಳನ್ನು ದಾನ ಮಾಡಲಾಯಿತು. ಹಾಡೇ ಅವರನ್ನು ಬದುಕಿಸಿತು ಎನ್ನುವುದು ಅತಿಮಾತಾದೀತು. ಔಷಧ ಮಾಡಬೇಕಾದದ್ದನ್ನು ಔಷಧವೇ ಮಾಡಿರುತ್ತದೆ. ಆದರೆ ಗುಣವಾದ ಮೇಲೆ ಮರಳಿ ಹೋಗಲು ಅವರಿಗೊಂದು ಹಾಡಿತ್ತು. ಚೇತರಿಕೆಯೆಂದರೆ ಮೊದಲಿದ್ದಂತೆಯೇ ಆಗುವುದು ಎಂದು ನಾವು ತಿಳಿಯುತ್ತೇವೆ. ಉಳಿದದ್ದರಿಂದ ಮತ್ತೆ ಬಾಳುವುದು ಎಂಬ ಇನ್ನೊಂದು ಚೇತರಿಕೆಯೂ ಉಂಟೆಂದು ಆ ದನಿ ತೋರಿಸಿಕೊಟ್ಟಿತು.

ದೊಡ್ಡ ಮಾತುಗಳ ನಡುವೆ ಸಣ್ಣ ವಸ್ತುಗಳನ್ನು ಮರೆಯಬಾರದು. ಆಸ್ಪತ್ರೆಗೆ ಹೊರಡುವ ಗಡಿಬಿಡಿಯಲ್ಲಿ ಮನೆಯಲ್ಲೇ ಉಳಿದುಬಿಡುವುದು ಯಾವುವು? ಕನ್ನಡಕ, ಕಿವಿಯ ಯಂತ್ರ, ಹಲ್ಲಿನ ಸೆಟ್ಟು. ಕಣ್ಣು ಮಂಜಾಗಿ, ಕಿವಿ ಮುಚ್ಚಿ, ಹೊತ್ತು ಗೊತ್ತಿನ ಪರಿವೆಯಿಲ್ಲದ ವಾರ್ಡಿನಲ್ಲಿ ಮಲಗಿದ ಹಿರಿಯರಿಗೆ ಎರಡನೆಯ ರಾತ್ರಿಯೇ ಸನ್ನಿ ಹಿಡಿದಂತಾಗುತ್ತದೆ. ‘ಏನೇನರೆ ಬಡಬಡಸಾಕ ಹತ್ಯಾರ, ತಲಿ ಕೆಟ್ಟೈತೋ ಏನೋ’ ಎಂದು ಮನೆಯವರು ಕಂಗಾಲಾಗುತ್ತಾರೆ. ಶರಾನ್ ಇನೌಯೆ ಎಂಬ ವೈದ್ಯೆ ಮತ್ತು ಅವರ ಸಂಗಡಿಗರು 1999ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಎಪ್ಪತ್ತು ದಾಟಿದ 852 ರೋಗಿಗಳ ಪೈಕಿ ಅರ್ಧದಷ್ಟು ಜನರಿಗೆ ಇಂಥ ಸಾಧಾರಣ ಸಂಗತಿಗಳ ಕಡೆ ವಿಶೇಷ ಗಮನ ಕೊಡಲಾಯಿತು. ಕನ್ನಡಕ ಹಾಕಿಸುವುದು, ಕೇಳಿಸುವಂತೆ ಮಾತಾಡುವುದು, ದಿನಕ್ಕೆ ಕೆಲವು ಬಾರಿ ನಡೆಸುವುದು, ಸಾಕಷ್ಟು ನೀರು ಕುಡಿಸುವುದು, ಇಂದು ಯಾವ ದಿನ, ನಾವೆಲ್ಲಿದ್ದೇವೆ ಎಂದು ನೆನಪಿಸುವುದು, ನಿದ್ದೆಗೆ ಗುಳಿಗೆಯ ಬದಲು ಬಿಸಿ ಪಾನೀಯ ಕೊಟ್ಟು ಬೆನ್ನು ನೀವುವುದು, ಇಷ್ಟೇ. ನೂರಕ್ಕೆ 15 ಜನರಲ್ಲಿ ಕಾಣಿಸುತ್ತಿದ್ದ ಸನ್ನಿ ಇವರಲ್ಲಿ ಸುಮಾರು 10ಕ್ಕಿಳಿಯಿತು. ಈ ಪಟ್ಟಿಯಲ್ಲಿ ಕಲಿತ ವೈದ್ಯನೇ ಮಾಡಬೇಕಾದದ್ದು ಏನಿದೆ? ಇದೆಲ್ಲ ಒಬ್ಬ ಮಗಳು, ಒಬ್ಬ ನೆರೆಯವ, ಪಕ್ಕದ ಹಾಸಿಗೆಯ ರೋಗಿಯ ಸಂಬಂಧಿ ಸಹ ಮಾಡಬಹುದಾದ ಕೆಲಸ. ವಾರ್ಡಿನಲ್ಲಿ ಜೊತೆಗೊಬ್ಬರು ಇರುವ ನಮ್ಮ ರೂಢಿಯನ್ನು ಹಿಂದುಳಿದದ್ದೆಂದು ಕೆಲವರು ನಗುವುದುಂಟು. ಇರುವವರು ಸುಮ್ಮನೆ ಮೊಬೈಲು ನೋಡುತ್ತ ಕೂರದಿದ್ದರೆ ಅದಕ್ಕಿಂತ ಮೇಲಾದ ರಕ್ಷಣೆ ಇನ್ನೊಂದಿಲ್ಲ.

ಊಟದ ವಿಷಯದಲ್ಲಿಯೂ ಮಮತೆ ಹಾದಿ ತಪ್ಪುತ್ತದೆ. ಪಥ್ಯವೆಂದರೆ ತಿಂಗಳುಗಟ್ಟಲೆ ಗಂಜಿ, ಸಪ್ಪೆ ಅನ್ನ, ಚಹಾದಲ್ಲಿ ಅದ್ದಿದ ಬಿಸ್ಕಿಟ್ ಎಂಬ ಭಾವನೆ ಇನ್ನೂ ಬಲವಾಗಿದೆ. ಕರಗಿದ ಮಾಂಸಖಂಡ ಮರಳಿ ಕಟ್ಟಿಕೊಳ್ಳುವುದಕ್ಕೆ ಪ್ರೋಟೀನ್ ಬೇಕು, ಮತ್ತು ಆ ದಿನಗಳಲ್ಲಿ ಹಿರಿಯರಿಗೆ ಅದು ಎಂದಿಗಿಂತ ಹೆಚ್ಚು ಬೇಕು. ಮೂತ್ರಪಿಂಡದ ತೊಂದರೆಯಂಥ ಕಾರಣಕ್ಕೆ ವೈದ್ಯರು ಬೇಡವೆಂದಿಲ್ಲದಿದ್ದರೆ ಹೆಸರುಬೇಳೆ, ಮಡಕೆಕಾಳು, ಮೊಸರು, ಶೇಂಗಾ ಹಿಂಡಿ, ಒಗ್ಗುವವರಿಗೆ ತತ್ತಿ, ಇವೆಲ್ಲ ನಮ್ಮ ಅಡುಗೆಮನೆಯಲ್ಲಿಯೇ ಇವೆ. ರೊಟ್ಟಿ ಬಡಿಯುವ ಸದ್ದು ಕೇಳಿದರೆ ಹಸಿವಾಗುವ ಜೀವಗಳಿಗೆ ಮೆತ್ತಗಿನ ಒಂದು ಬಿಸಿ ರೊಟ್ಟಿಯನ್ನು ಬೇಳೆಯಲ್ಲಿ ನೆನೆಸಿ ಕೊಟ್ಟರೆ, ಹೊಟ್ಟೆಯ ಜೊತೆ ಮನಸ್ಸೂ ಮನೆಗೆ ಬಂದಂತಾಗುತ್ತದೆ. ಅದನ್ನು ಹಾಸಿಗೆಯಲ್ಲಿ ಒಬ್ಬರನ್ನೇ ಕೂರಿಸಿ ಉಣಿಸುವುದಕ್ಕಿಂತ ಎಲ್ಲರ ಪಂಕ್ತಿಯಲ್ಲಿ ಕೂರಿಸಿ ಬಡಿಸಿದರೆ ಎರಡು ತುತ್ತು ಹೆಚ್ಚೇ ಇಳಿಯುತ್ತದೆ.

ಇನ್ನು ಮಾತಾಡಿಸಲು ಬರುವ ಮಂದಿ. ಕಾಯಿಲೆಯವರನ್ನು ‘ಮಾತಾಡಿಸಿಕೊಂಡು ಹೋಗುವುದು’ ಈ ಭಾಗದ ಒಂದು ಕಟ್ಟುನಿಟ್ಟಾದ ಸಾಮಾಜಿಕ ಧರ್ಮ. ಒಂದು ಡಜನ್ ಬಾಳೆಹಣ್ಣು ಹಿಡಿದು ಬಂದು, ಪಡಸಾಲೆಯಲ್ಲಿ ಕೂತು, ಏನಾಯಿತೆಂದು ಆರಂಭದಿಂದ ಕೇಳಿ, ಚಹಾ ಕುಡಿದು ಹೋಗುವ ಈ ರೂಢಿಯಲ್ಲಿ ದೊಡ್ಡ ಶಕ್ತಿಯಿದೆ. ನೀವು ಮರೆತುಹೋಗಿಲ್ಲ, ನಮ್ಮ ಎಣಿಕೆಯಲ್ಲಿ ಇನ್ನೂ ಇದ್ದೀರಿ ಎಂಬ ಮಾತನ್ನು ಅದು ಹೇಳದೆಯೇ ಹೇಳುತ್ತದೆ. ಆದರೆ ಇದೇ ರೋಗ ಬಂದು ಯಾರ್‍ಯಾರು ಸತ್ತರೆಂದು ಪಟ್ಟಿ ಒಪ್ಪಿಸುವವರೂ ಬರುತ್ತಾರೆ. ‘ವಯಸ್ಸಾತಲ್ರಿ, ಇನ್ನೇನೈತಿ, ಒಂದು ಮೂಲ್ಯಾಗ ಕುಂತು ಶಿವಾ ಅನ್ನೂದು’ ಎಂದು ಸಮಾಧಾನ ಹೇಳುವವರಂತೂ ಬಹಳ. ಆ ಮಾತಿನಲ್ಲಿ ದುರುದ್ದೇಶವಿಲ್ಲ, ವೈರಾಗ್ಯದ ಬಣ್ಣವೂ ಇದೆ. ಆದರೂ ಅದು ಕೇಳುವವರ ಎದೆಯಲ್ಲಿ ಕೂತುಬಿಡುತ್ತದೆ. ಮುಪ್ಪಿನ ಬಗ್ಗೆ ಮನುಷ್ಯನಿಗಿರುವ ಕಲ್ಪನೆಯೇ ಅವನ ಚೇತರಿಕೆಯನ್ನು ಪ್ರಭಾವಿಸುತ್ತದೆಯೇ ಎಂದು ಬೆಕಾ ಲೆವಿ ಎಂಬ ಸಂಶೋಧಕಿ ವರ್ಷಗಟ್ಟಲೆ ಪರಿಶೀಲಿಸಿ 2012ರಲ್ಲಿ ಫಲಿತಾಂಶ ಪ್ರಕಟಿಸಿದರು. ಮುಪ್ಪನ್ನು ಒಳ್ಳೆಯ ಭಾವದಿಂದ ಕಾಣುತ್ತಿದ್ದವರು ತೀವ್ರ ಅಶಕ್ತತೆಯಿಂದ ಪೂರ್ತಿ ಚೇತರಿಸಿಕೊಳ್ಳುವ ಸಾಧ್ಯತೆ ಉಳಿದವರಿಗಿಂತ ನೂರಕ್ಕೆ 44ರಷ್ಟು ಹೆಚ್ಚಿತ್ತು. ಹಾಗಿದ್ದರೆ ಆ ಭಾವ ಎಲ್ಲಿಂದ ಬರುತ್ತದೆ? ಅರವತ್ತು ಎಪ್ಪತ್ತು ವರ್ಷ ಕಾಲ ತನ್ನ ಸುತ್ತಲಿನವರು ಮುದುಕರ ಬಗ್ಗೆ ಆಡಿದ ಮಾತುಗಳಿಂದಲೇ ಅಲ್ಲವೇ? ಇಂದು ನಾವು ಅಜ್ಜನ ಮರೆವನ್ನು ಅಣಕಿಸಿ ನಗುವಾಗ, ಪಕ್ಕದಲ್ಲಿ ಕೂತು ನಗುವ ಹುಡುಗನ ಮುಪ್ಪನ್ನೂ ಬರೆಯುತ್ತಿರುತ್ತೇವೆ.

ಆದರೆ ಇಲ್ಲೊಂದು ಎಚ್ಚರ ಬೇಕು. ಮನೋಬಲದ ಮಹಿಮೆಯನ್ನು ಹಾಡುವುದು ಸುಲಭ, ಮತ್ತು ಅದು ಬೇಗನೆ ಕ್ರೌರ್ಯವಾಗಿ ತಿರುಗಬಲ್ಲದು. ಏಳಲಾಗದವರೆಲ್ಲ ಮನಸ್ಸು ಮಾಡದವರು ಎಂದು ತಿಳಿದರೆ, ಎಲ್ಲ ಪ್ರಯತ್ನದ ನಂತರವೂ ಸೋತ ದೇಹವನ್ನು ನಾವು ಎರಡನೆಯ ಬಾರಿ ಶಿಕ್ಷಿಸಿದಂತೆ. ಪಾರ್ಶ್ವವಾಯು ಅರ್ಧ ಮೈಯನ್ನು ಕೊಂಡೊಯ್ದಿರುತ್ತದೆ. ಹೃದಯ ತನ್ನ ಶಕ್ತಿಯ ಕೊನೆಗೆ ಬಂದಿರುತ್ತದೆ. ಮರೆವು ಮನೆಯ ದಾರಿಯನ್ನೇ ಅಳಿಸಿರುತ್ತದೆ. ಅಂಥವರಿಗೆ ಬೇಕಾದದ್ದು ಹುರಿದುಂಬಿಕೆಯಲ್ಲ, ನೆಮ್ಮದಿ. ಚೇತರಿಕೆ ಯಾರ ಯೋಗ್ಯತೆಯ ಪರೀಕ್ಷೆಯೂ ಅಲ್ಲ. ಅಜ್ಜ ಎದ್ದು ನಡೆದರೆ ಅವನ ಗಟ್ಟಿತನ, ನಡೆಯದಿದ್ದರೆ ಅವನ ಸೋಮಾರಿತನ ಎಂದು ಹಂಚಿಬಿಡುವ ಮೊದಲು, ನಡೆಯಲು ಅವನಿಗೆ ಜಾರದ ನೆಲವಿತ್ತೇ, ಹಿಡಿಯಲು ಗೋಡೆಗೊಂದು ಸರಳಿತ್ತೇ, ಹತ್ತು ಹೆಜ್ಜೆ ಜೊತೆ ನಡೆಯಲು ಒಬ್ಬ ಮನುಷ್ಯನಿದ್ದನೇ ಎಂದು ಕೇಳಿಕೊಳ್ಳುವುದು ನ್ಯಾಯ.

ಆ ಒಬ್ಬ ಮನುಷ್ಯ ಎಲ್ಲರಿಗೂ ಇರುವುದಿಲ್ಲ ಎಂಬುದೇ ನಮ್ಮ ಕಾಲದ ಕಠಿಣ ಸತ್ಯ. ಧಾರವಾಡದ ಹಳೆಯ ಬಡಾವಣೆಗಳಲ್ಲಿ ಮಕ್ಕಳು ಬೆಂಗಳೂರು, ಪುಣೆ, ಅಮೆರಿಕ ಸೇರಿ, ಮಾವಿನ ಗಿಡದ ಕೆಳಗಿನ ದೊಡ್ಡ ಮನೆಯಲ್ಲಿ ಇಬ್ಬರೇ ಉಳಿದ ನಿವೃತ್ತರಿದ್ದಾರೆ. ಒಬ್ಬರು ಕಾಯಿಲೆ ಬಿದ್ದರೆ ಎಂಬತ್ತರ ಇನ್ನೊಬ್ಬರೇ ದಾದಿ. ಕೂಲಿ ಬಿಟ್ಟರೆ ಒಲೆ ಉರಿಯದ ಮನೆಗಳಲ್ಲಿ ಮಗ ತಾಯಿಯ ಪಕ್ಕ ಕೂರಬೇಕೆಂದರೂ ಕೂರಲಾರ. 2025ರ ಮಾರ್ಚ್‌ನಲ್ಲಿ ನೆರೆಯ ಬೆಳಗಾವಿಯಿಂದ ಬಂದ ಸುದ್ದಿಯಂತೂ ಮನಸ್ಸು ಕಲಕುವಂಥದ್ದಾಗಿತ್ತು. ಅಲ್ಲಿನ ಸರ್ಕಾರಿ ವೈದ್ಯಕೀಯ ಸಂಸ್ಥೆಯೊಂದರಲ್ಲೇ 150ಕ್ಕೂ ಹೆಚ್ಚು ಹಿರಿಯರನ್ನು ಮನೆಯವರು ಆಸ್ಪತ್ರೆಗೆ ತಂದು ಬಿಟ್ಟುಹೋಗಿದ್ದಾರೆಂಬ ಮಾಹಿತಿ ಹೊರಬಂದು, 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಅಂಥ ಮಕ್ಕಳ ಹೆಸರಿಗಾದ ಆಸ್ತಿ ವರ್ಗಾವಣೆಯನ್ನು ರದ್ದುಪಡಿಸಲು ಕ್ರಮ ಕೈಗೊಳ್ಳುವಂತೆ ವೈದ್ಯಕೀಯ ಶಿಕ್ಷಣ ಸಚಿವರು ಅಧಿಕಾರಿಗಳಿಗೆ ಸೂಚಿಸಬೇಕಾಯಿತು. ಕಾಯ್ದೆ ಆಸ್ತಿಯನ್ನು ಮರಳಿಸಬಲ್ಲದು. ಬಾಗಿಲ ಬಳಿ ಕಾಯುವ ಮುಖವನ್ನು ಮರಳಿಸಲಾರದು. 2024ರ ಅಕ್ಟೋಬರಿನಿಂದ ಎಪ್ಪತ್ತು ದಾಟಿದ ಎಲ್ಲರಿಗೂ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ವೆಚ್ಚ ಭರಿಸುವ ಆಯುಷ್ಮಾನ್ ಭಾರತ್ ವ್ಯವಸ್ಥೆಯನ್ನು ಕೇಂದ್ರ ಸರ್ಕಾರ ತಂದಿದೆ. ಅದು ಮುಖ್ಯವಾಗಿ ಆಸ್ಪತ್ರೆಯ ಹಾಸಿಗೆಯ ಲೆಕ್ಕ. ಮನೆಗೆ ಬಂದ ನಂತರದ ವಾರಗಳಲ್ಲಿ ಬಾಗಿಲು ತಟ್ಟಿ, ಗುಳಿಗೆ ಸರಿಯಾಗಿ ನುಂಗಿದಿರಾ, ಇಂದು ಎಷ್ಟು ನಡೆದಿರಿ ಎಂದು ಕೇಳುವ ಕೈಗಳ ಲೆಕ್ಕವನ್ನು ಸಮಾಜ ಇನ್ನೂ ಸರಿಯಾಗಿ ಬರೆಯತೊಡಗಿಲ್ಲ.

ಬರೆಯದ ಆ ಲೆಕ್ಕ ಸಾಮಾನ್ಯವಾಗಿ ಒಬ್ಬ ಹೆಣ್ಣಿನ ಹೆಗಲಿಗೆ ಬಿದ್ದಿರುತ್ತದೆ. ಸೊಸೆಯೋ ಮಗಳೋ ಹೆಂಡತಿಯೋ, ರಾತ್ರಿ ಮೂರು ಸಲ ಎದ್ದು, ಬೆಳಗ್ಗೆ ಮಕ್ಕಳ ಡಬ್ಬಿ ಕಟ್ಟಿ, ಮಧ್ಯಾಹ್ನ ಬಂದವರಿಗೆ ಚಹಾ ಮಾಡಿ, ಯಾರ ಪಟ್ಟಿಯಲ್ಲಿಯೂ ರೋಗಿಯಾಗಿ ದಾಖಲಾಗದೆ ಸೊರಗುತ್ತಿರುತ್ತಾಳೆ. ಹಿರಿಯರ ಚೇತರಿಕೆಯನ್ನು ಕಾಯುವ ಸಂಗತಿಗಳಲ್ಲಿ ಅವಳ ನಿದ್ದೆಯೂ ಒಂದು ಎಂದು ನಾವು ಯಾಕೆ ಎಣಿಸುವುದಿಲ್ಲ? ದಣಿದ ಕೈ ಒರಟಾಗುವುದು ಸಹಜ. ಹಂಚಿಕೊಂಡ ಸೇವೆ ಮಾತ್ರ ಬಹುಕಾಲ ಮೃದುವಾಗಿ ಉಳಿಯಬಲ್ಲದು. ಮಾತಾಡಿಸಲು ಬಂದವರು ಬಾಳೆಹಣ್ಣಿನ ಬದಲು ಎರಡು ತಾಸಿನ ಬಿಡುವನ್ನು ತಂದುಕೊಟ್ಟರೆ, ‘ನೀವು ಒಂದೀಟ ಮಲಕ್ಕೋರಿ, ನಾ ಅಜ್ಜಾರ ಜೋಡಿ ಕುಂದರತೀನಿ’ ಎಂದರೆ, ಅದು ಇಬ್ಬರಿಗೆ ಕೊಟ್ಟ ಔಷಧ. ಮತ್ತು ಆ ಎರಡು ತಾಸಿನಲ್ಲಿ ಅಜ್ಜನನ್ನು ಅಂಗಳದ ಬಿಸಿಲಿನತನಕ ನಡೆಸಿದರೆ ಇನ್ನೂ ಒಳ್ಳೆಯದು. ಕಿಟಕಿಯಾಚೆ ಮರಗಳು ಕಾಣುತ್ತಿದ್ದ ರೋಗಿಗಳು ಇಟ್ಟಿಗೆಯ ಗೋಡೆಯಷ್ಟೇ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋದರೆಂದೂ ಬಲವಾದ ನೋವಿನ ಔಷಧಗಳು ಅವರಿಗೆ ಕಡಿಮೆ ಬೇಕಾದವೆಂದೂ ರೋಜರ್ ಉಲ್ರಿಚ್ 1984ರಲ್ಲಿಯೇ ಬರೆದಿದ್ದರು. ಧಾರವಾಡದಂಥ ಊರಿನಲ್ಲಿ ಮರ ಕಾಣಿಸಲು ಇನ್ನೂ ಬಹಳ ದೂರ ಹೋಗಬೇಕಾಗಿಲ್ಲ.

ಮುಪ್ಪಿನಲ್ಲಿ ಮನುಷ್ಯನನ್ನು ಕಾಯುವುದು ಯಾವುದೋ ಒಂದೇ ಸಂಗತಿಯಲ್ಲ. ಕಾಲಿನ ಬಲ, ತಟ್ಟೆಯ ಬೇಳೆ, ಮೂಗಿನ ಮೇಲಿನ ಕನ್ನಡಕ, ರಾತ್ರಿಯ ನಿದ್ದೆ, ಸಂಜೆಯ ಮಾತು, ಬೆಳಗಿನ ಕೆಲಸ, ಇವುಗಳಲ್ಲಿ ಎರಡು ಮೂರು ಕೈಕೊಟ್ಟರೂ ಉಳಿದವು ಹಿಡಿದುಕೊಳ್ಳುತ್ತವೆ. ಇವುಗಳಲ್ಲಿ ಹೆಚ್ಚಿನವು ಹಣ ಕೇಳುವುದಿಲ್ಲ, ಗಮನ ಕೇಳುತ್ತವೆ. ಹಾಗಾಗಿ ಓದುಗರಲ್ಲಿ ಒಂದು ವಿನಂತಿ. ನಿಮ್ಮ ಮನೆಯ ಹಿರಿಯರು ಕಾಯಿಲೆ ಬೀಳುವತನಕ ಕಾಯಬೇಡಿ. ಈ ವಾರವೇ ಅವರಿಗೆ ಗೊತ್ತಿರುವ, ನಿಮಗೆ ಗೊತ್ತಿಲ್ಲದ ಒಂದು ಕೆಲಸ ಹುಡುಕಿ, ‘ಇದನ್ನ ಹ್ಯಾಂಗ ಮಾಡೂದು, ಒಂದೀಟ ತೋರಸ್ರಿ’ ಎಂದು ಕೇಳಿ, ಅವರು ನಿಧಾನವಾಗಿ ಮಾಡಿ ತೋರಿಸುವತನಕ ಕೈಕಟ್ಟಿ ಪಕ್ಕದಲ್ಲಿ ನಿಂತುಕೊಳ್ಳಿ. ಆ ಕೆಲಸವನ್ನು ಅವರದೇ ಎಂದು ಉಳಿಸಿಕೊಡಿ. ನಾಳೆ ಆಸ್ಪತ್ರೆಯಿಂದ ಬಂದಾಗಲೂ ಅದು ಅವರಿಗಾಗಿ ಕಾದಿರಲಿ, ಬೇರೆ ಯಾರೂ ಅದನ್ನು ಮಾಡಿ ಮುಗಿಸದಿರಲಿ.